ನೆರಳು ಕಾಲಡಿಗೆ ಬರುವ ದಿನ

ಏಪ್ರಿಲ್ 24 ನನಗೆ ಹಬ್ಬದ ದಿನ. ಅವತ್ತು ನಮ್ಮ ಹಾಸನದಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಮಧ್ಯಾಹ್ನ 12 ಗಂಟೆ 23 ನಿಮಿಷದ ಸುಮಾರಿಗೆ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಕೋಲಿನ ಬುಡಕ್ಕೇ ಸೇರಿಹೋಗುತ್ತದೆ. 1973ರ ಅದೇ ದಿನ ಸುಪ್ರೀಂ ಕೋರ್ಟು ಕೇಶವಾನಂದ ಭಾರತಿ ಪ್ರಕರಣದ ತೀರ್ಪು ಕೊಟ್ಟಿತು. 1993ರ ಅದೇ ದಿನ ಪಂಚಾಯಿತಿಗಳಿಗೆ ಸಂವಿಧಾನದ ಬಲ ಕೊಟ್ಟ 73ನೇ ತಿದ್ದುಪಡಿ ಜಾರಿಗೆ ಬಂತು. ಮೂರೂ ಒಂದೇ ತಾರೀಖಿಗೆ ಕೂಡಿಬಂದದ್ದು ಬರೀ ಆಕಸ್ಮಿಕ. ಆದರೂ ಬೇಸಿಗೆ ರಜೆಯಲ್ಲಿರುವ ಮಕ್ಕಳನ್ನೂ ಅವರ ಬೆನ್ನಿಗೆ ಬರುವ ದೊಡ್ಡವರನ್ನೂ ಶಾಲೆಯ ಬಯಲಿಗೆ ಕರೆದು, ಕೋಲು ನೆಟ್ಟು, ಮೂರರ ಬಗ್ಗೆಯೂ ಮಾತಾಡುವುದು ನನ್ನ ಹಳೆಯ ರೂಢಿ.

ಹಾಸನ ಜಿಲ್ಲೆಯ ಹೈಸ್ಕೂಲುಗಳಲ್ಲಿ 31 ವರ್ಷ ವಿಜ್ಞಾನ ಕಲಿಸಿದೆ. ಸಮಾಜ ವಿಜ್ಞಾನದ ಹುದ್ದೆ ಖಾಲಿ ಬಿದ್ದಾಗ ಆ ಪಾಠವೂ ನನ್ನ ಪಾಲಿಗೆ ಬರುತ್ತಿತ್ತು. ಚುನಾವಣೆ ಬಂದರೆ ಮತಗಟ್ಟೆಯ ಕೆಲಸ. ಹೀಗಾಗಿ ಗ್ರಹಣ ಕಂಡರೆ ಬಾಗಿಲು ಹಾಕಿಕೊಳ್ಳುವವರನ್ನೂ, ಶಾಸಕರ ಕೆಲಸವೇನೆಂದು ಗೊತ್ತಿಲ್ಲದೆ ಅವರ ಮನೆಯ ಮುಂದೆ ದಿನಗಟ್ಟಲೆ ಕಾಯುವವರನ್ನೂ ಹತ್ತಿರದಿಂದ ನೋಡಿದ್ದೇನೆ. ಎರಡೂ ಒಂದೇ ಬೇರಿನ ಗಿಡಗಳು ಎಂದು ನನಗೆ ಅನ್ನಿಸಲು ಬಹಳ ವರ್ಷ ಹಿಡಿಯಿತು. ಆ ವರ್ಷಗಳು ಕಲಿಸಿದ ಕೆಲವು ಪಾಠಗಳಿವು.

1. ತಪ್ಪು ನಂಬಿದವರ ಹತ್ತಿರವೂ ಕಾರಣ ಇರುತ್ತದೆ

ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳಿಗೆ ಜೋಳದ ಹೊಲದಲ್ಲಿ ಹಾವು ಕಚ್ಚಿತು. ಊರವರು ಅವಳನ್ನು ಮಂತ್ರ ಹಾಕುವ ಅಜ್ಜನ ಹತ್ತಿರ ಒಯ್ದರು. ಬದುಕಿದಳು. ಮರುದಿನ ತರಗತಿಯಲ್ಲಿ ನಾನು ಮಂತ್ರಕ್ಕೆ ವಿಷ ಇಳಿಯುವುದಿಲ್ಲ ಎಂದೆ. ಹಿಂದಿನ ಬೆಂಚಿನಿಂದ ಒಬ್ಬ, "ನೀವು ನೋಡಿಲ್ಲ ಮೇಡಂ, ನಾವು ನೋಡಿದ್ದೀವಿ" ಎಂದ. ನನ್ನ ಬಾಯಿ ಕಟ್ಟಿತು. ಅವನ ಮಾತು ನಿಜ. ಅವನು ಕಣ್ಣಾರೆ ನೋಡಿದ್ದ, ನಾನು ಪುಸ್ತಕದಲ್ಲಿ ಓದಿದ್ದೆ. ಕಂಡದ್ದನ್ನು ನಂಬು ಎಂದು ಕಲಿಸುವವಳು ನಾನೇ.

ಕೆಲವು ತಿಂಗಳ ನಂತರ ಆ ಅಜ್ಜನನ್ನೇ ಹೋಗಿ ಮಾತಾಡಿಸಿದೆ. ಜಗಳಕ್ಕೆ ಹೋದದ್ದಲ್ಲ. ಯಾರು ಯಾರು ಬರುತ್ತಾರೆ, ಯಾವ ಹಾವು, ಎಷ್ಟು ಹೊತ್ತಿನ ಮೇಲೆ ಬರುತ್ತಾರೆ ಎಂದೆಲ್ಲ ಕೇಳಿದೆ. ಬದುಕಿದವರು ತೆಂಗಿನಕಾಯಿ, ಎಲೆಅಡಿಕೆ ಹಿಡಿದು ಮತ್ತೆ ಬರುತ್ತಾರೆ, ಅವರ ಮುಖ ನೆನಪಿರುತ್ತದೆ ಎಂದರು. ಉಳಿದವರು? ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಬರಲ್ಲವಲ್ಲ ತಾಯಿ" ಎಂದರು.

ನಮ್ಮ ಹೊಲಗದ್ದೆಯ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ಜೀವ ತೆಗೆಯುವುದು ಮುಖ್ಯವಾಗಿ ನಾಲ್ಕು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಇವು ಕೂಡ ಕೆಲವು ಸಲ ವಿಷ ಬಿಡದೆ ಕಚ್ಚುತ್ತವೆ. ಹಾಗಾಗಿ ಮಂತ್ರ ಹಾಕಿಸಿಕೊಂಡವರಲ್ಲಿ ಬಹಳ ಜನ ಬದುಕುತ್ತಾರೆ, ಹಾಕಿಸಿಕೊಳ್ಳದಿದ್ದರೂ ಬದುಕುತ್ತಿದ್ದರು. ಕಟ್ಟುಹಾವಿನ ಕಡಿತ ಬೇರೆಯೇ. ರಾತ್ರಿ ಮಲಗಿದ್ದಾಗ ಕಚ್ಚುತ್ತದೆ, ನೋವು ಊತ ಅಷ್ಟಿಲ್ಲ, ಬೆಳಗಿನ ಜಾವ ರೆಪ್ಪೆ ಜೋತು ಬೀಳುತ್ತವೆ, ಆಮೇಲೆ ಉಸಿರೇ ನಿಲ್ಲುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ಆಸ್ಪತ್ರೆಯ ಪ್ರತಿವಿಷ ಮತ್ತು ಉಸಿರಾಟದ ಆಸರೆ.

ಇದನ್ನು ಅಜ್ಜನ ಜಗಲಿಯ ಮೇಲೆ ಕೂತು ಹೇಳಿದಾಗ ಅವರು ತಲೆ ಆಡಿಸಿದರು. ರೆಪ್ಪೆ ಜೋತವರನ್ನು ಅವರೂ ಕಂಡಿದ್ದರು. ಮಂತ್ರವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಆದರೆ ಬಂದವರನ್ನು ಮೊದಲು ಆಟೋಗೆ ಹತ್ತಿಸಿ, ಆಮೇಲೆ ಮಂತ್ರ ಹೇಳುತ್ತಿದ್ದರು.

2. ಕೆಲವು ಸಲ ಕನ್ನಡದ ಪದವೇ ಅಡ್ಡ ನಿಲ್ಲುತ್ತದೆ

ಹತ್ತನೇ ತರಗತಿಯಲ್ಲಿ ಡಾರ್ವಿನ್ನನ ವಿಕಾಸವಾದ ಕಲಿಸುತ್ತಿದ್ದಾಗ ಒಬ್ಬ ಕೇಳಿದ: "ಇದು ಅವರ ವಾದ. ಇದಕ್ಕೆ ಪ್ರತಿವಾದ ಏನು?" ಅವನ ತಂದೆಗೆ ಜಮೀನಿನ ವ್ಯಾಜ್ಯವಿತ್ತು, ಕೋರ್ಟಿನ ಮಾತು ಮನೆಯಲ್ಲಿ ದಿನವೂ ಕೇಳುತ್ತಿದ್ದ. ವಾದ ಎಂದರೆ ಅವನಿಗೆ ಒಬ್ಬ ವಕೀಲರ ಮಾತು, ಎದುರಿನವರು ಇನ್ನೊಂದು ಹೇಳುತ್ತಾರೆ, ಕೊನೆಗೆ ಮೂರನೆಯವರು ತೀರ್ಮಾನಿಸುತ್ತಾರೆ. ಪಳೆಯುಳಿಕೆ, ದೇಹರಚನೆ, ವಂಶವಾಹಿ, ಎಲ್ಲ ದಿಕ್ಕಿನಿಂದಲೂ ಒಂದೂವರೆ ಶತಮಾನದಿಂದ ತೂಗಿ ನೋಡಿದ ತಿಳಿವಳಿಕೆಯನ್ನು ನಾವೇ ವಾದ ಎಂದು ಕರೆದು ಅವನ ಕೈಗೆ ಕೊಟ್ಟಿದ್ದೆವು. ಸಿದ್ಧಾಂತ ಎಂದರೂ ಪಾರಾಗುವುದಿಲ್ಲ. ಸಾಪೇಕ್ಷತೆಯದೂ ಸಿದ್ಧಾಂತ, ಪಕ್ಷದ್ದೂ ಸಿದ್ಧಾಂತ. ಪಕ್ಷ ಬಿಟ್ಟವರು ಸಿದ್ಧಾಂತಕ್ಕಾಗಿ ಬಿಟ್ಟೆ ಅನ್ನುತ್ತಾರೆ. ಹಾಗಿದ್ದ ಮೇಲೆ ವಿಜ್ಞಾನಿಯೂ ತನ್ನ ಸಿದ್ಧಾಂತಕ್ಕೆ ಜೋತುಬಿದ್ದ ಮನುಷ್ಯ ಎಂದು ಮಕ್ಕಳಿಗೆ ಅನ್ನಿಸಿದರೆ ತಪ್ಪು ಯಾರದು?

ಪ್ರಜೆ ಎನ್ನುವ ಪದವನ್ನು ನೋಡಿ. ನಮ್ಮದು ಹಳೆಯ ಮೈಸೂರು ಸೀಮೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಇಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಅದು ಆ ಕಾಲಕ್ಕೆ ದೊಡ್ಡ ಹೆಜ್ಜೆ, ಆ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ಮೊದಮೊದಲು ಅಲ್ಲಿ ಸೇರಿದವರು ಕಾನೂನು ಮಾಡುತ್ತಿರಲಿಲ್ಲ. ದಸರೆಯ ಹೊತ್ತಿಗೆ ಮೈಸೂರಿಗೆ ಹೋಗಿ ದಿವಾನರ ಮುಂದೆ ಅಹವಾಲು ಹೇಳಿಕೊಳ್ಳುತ್ತಿದ್ದರು. ರಾಜ ಇದ್ದಾನೆ, ಆದ್ದರಿಂದ ಪ್ರಜೆ ಇದ್ದಾರೆ. ರಾಜರು ಹೋದರು, ಸಂವಿಧಾನ ಬಂತು, ಪದ ಮಾತ್ರ ಹಾಗೇ ಉಳಿಯಿತು. ಇವತ್ತಿಗೂ ಅಧಿಕಾರಿಗಳು ಅಹವಾಲು ಸ್ವೀಕರಿಸುತ್ತಾರೆ, ಜನ ಎರಡೂ ಕೈ ಜೋಡಿಸಿ ಅರ್ಜಿ ಕೊಡುತ್ತಾರೆ. "ಪ್ರಜಾಪ್ರಭುತ್ವದಲ್ಲಿ ಪ್ರಭು ಯಾರು?" ಎಂದು ನಾನು ಪ್ರತಿವರ್ಷ ಕೇಳುತ್ತಿದ್ದೆ. ಮಕ್ಕಳು ಪ್ರಧಾನಿ ಎನ್ನುತ್ತಿದ್ದರು, ಮುಖ್ಯಮಂತ್ರಿ ಎನ್ನುತ್ತಿದ್ದರು, ಒಂದೆರಡು ಸಲ ಡಿಸಿ ಎಂದದ್ದೂ ಉಂಟು. ನಾಗರಿಕ ಎಂಬ ಪದ ಪಠ್ಯದಲ್ಲಿದೆ, ಆದರೆ ಹಳ್ಳಿಯಲ್ಲಿ ಅದಕ್ಕೆ ಸಭ್ಯ, ಪೇಟೆಯವ ಎಂಬ ಬಣ್ಣ ಬಂದುಬಿಟ್ಟಿದೆ.

ಸೆಕ್ಯುಲರ್ ಎಂಬುದಕ್ಕೆ ನಮ್ಮಲ್ಲಿ ಜಾತ್ಯತೀತ, ಧರ್ಮನಿರಪೇಕ್ಷ, ಸರ್ವಧರ್ಮ ಸಮಭಾವ ಎಂದು ಮೂರು ಪದ ಓಡಾಡುತ್ತವೆ. ಒಂದು ಜಾತಿಯ ಕಡೆಗೆ ಎಳೆಯುತ್ತದೆ, ಇನ್ನೊಂದು ಧರ್ಮವೇ ಬೇಡ ಎಂದಂತೆ ಕೇಳಿಸುತ್ತದೆ, ಮೂರನೆಯದು ಪ್ರತಿಯೊಬ್ಬರ ಮನಸ್ಸಿನ ಗುಣದಂತಿದೆ. ಸರ್ಕಾರ ಯಾವ ಧರ್ಮದ ಪರವಾಗಿಯೂ ನಿಲ್ಲಬಾರದು, ನೀವು ನಿಮ್ಮ ದೇವರನ್ನು ಬಿಡಬೇಕಿಲ್ಲ ಎಂದು ಬಿಡಿಸಿ ಹೇಳಿದ ಮೇಲೆ ಜಗಳಕ್ಕೆ ನಿಂತಿದ್ದ ತಂದೆತಾಯಿಗಳು ಎಷ್ಟೋ ಸಲ, "ಇಷ್ಟೇನಾ? ಇದು ಸರಿಯಾಗೇ ಇದೆಯಲ್ಲ" ಎಂದಿದ್ದಾರೆ.

ಹೆಸರು ಜೀವಕ್ಕೂ ಎರವಾಗಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ರೋಗಕ್ಕೆ ಮಂಗನ ಕಾಯಿಲೆ ಎಂದು ಹೆಸರು ಬಿತ್ತು. ಮಂಗಗಳೂ ಅದರಿಂದ ಸಾಯುತ್ತವೆ. ವೈರಸ್ಸನ್ನು ಮನುಷ್ಯರಿಗೆ ದಾಟಿಸುವುದು ಹೆಚ್ಚಾಗಿ ಉಣುಗು. ಮನುಷ್ಯರಿಂದ ಮನುಷ್ಯರಿಗೆ ಅದು ಹರಡುವುದಿಲ್ಲ. ಹೆಸರು ಕೇಳಿದವರು ಮಂಗವನ್ನು ಓಡಿಸುತ್ತಾರೆ, ಕಾಯಿಲೆಯಾದ ನೆಂಟರನ್ನು ದೂರವಿಡುತ್ತಾರೆ, ಸೌದೆಗೆ ಹೋಗುವಾಗ ಮೈಮುಚ್ಚುವುದನ್ನು ಮರೆಯುತ್ತಾರೆ. ಉಣುಗಿನ ಜ್ವರ ಎಂದು ಕರೆದಿದ್ದರೆ ಅರ್ಧ ಪಾಠ ಹೆಸರಿನಲ್ಲೇ ಮುಗಿಯುತ್ತಿತ್ತು.

ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಹೊಸ ಪಾಠಕ್ಕೆ ಮೊದಲು ಅದರ ಮುಖ್ಯ ಪದವನ್ನು ಕರಿಹಲಗೆಯ ಮೇಲೆ ಬರೆದು, ನಿಮ್ಮ ಮನೆಯಲ್ಲಿ ಈ ಪದವನ್ನು ಯಾವಾಗ ಬಳಸುತ್ತಾರೆ ಎಂದು ಕೇಳುವುದು. ಶಕ್ತಿ, ಬಲ, ಉಷ್ಣ, ರಾಜ್ಯ, ಹಕ್ಕು. ಹತ್ತು ನಿಮಿಷ ಹೋಗುತ್ತದೆ. ಹೋದರೆ ಹೋಗಲಿ.

3. ನಾಚಿಕೆಪಡಿಸಿ ಕಲಿಸಿದ್ದು ನಿಲ್ಲುವುದಿಲ್ಲ

1995ರ ಸೆಪ್ಟೆಂಬರ್ 21. ಗಣೇಶ ಹಾಲು ಕುಡಿಯುತ್ತಾನೆ ಎಂಬ ಸುದ್ದಿ ಒಂದೇ ದಿನದಲ್ಲಿ ದೇಶವೆಲ್ಲ ಹಬ್ಬಿತು. ದೆಹಲಿಯಲ್ಲಿ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ, ಅದು ವಿಗ್ರಹದ ಮೈಮೇಲೆ ತೆಳುವಾಗಿ ಹರಿದು ಇಳಿಯುವುದನ್ನು ತೋರಿಸಿದರು. ಮೇಲ್ಮೈ ಎಳೆತ ಚಮಚದಿಂದ ಹಾಲನ್ನು ಎಳೆದುಕೊಳ್ಳುತ್ತದೆ, ಒದ್ದೆಯಾದ ಕಲ್ಲಿನ ಮೇಲೆ ಅದು ಕಾಣದಂತೆ ಜಾರುತ್ತದೆ.

ನಾನೂ ಮರುದಿನ ಅದನ್ನೇ ಮಾಡಿದೆ. ಒಂದು ಕಪ್ಪೆಯ ಬೊಂಬೆಗೆ ಹಾಲು ಕುಡಿಸಿ, "ನೋಡಿ, ಕಪ್ಪೆಯೂ ದೇವರಾಯಿತು" ಎಂದೆ. ಮಕ್ಕಳು ನಕ್ಕರು. ಒಬ್ಬ ಹುಡುಗ ನಗಲಿಲ್ಲ. ಹಿಂದಿನ ದಿನ ಅವನ ಅಜ್ಜಿ ಎರಡು ಮೈಲಿ ನಡೆದು ಹೋಗಿ ಹಾಲು ಕುಡಿಸಿ, ಕಣ್ಣೀರು ಒರೆಸಿಕೊಳ್ಳುತ್ತ ಬಂದಿದ್ದರು. ನನ್ನ ಪ್ರಯೋಗದಲ್ಲಿ ದೋಷವಿರಲಿಲ್ಲ. ಆದರೆ ಅದು ಅವನ ಕಣ್ಣಿಗೆ ಅಜ್ಜಿಯ ಮೇಲೆ ಎಸೆದ ಕಲ್ಲಾಗಿ ಕಂಡಿತು. ಆ ವರ್ಷವೆಲ್ಲ ಅವನು ನನ್ನ ಪಾಠದಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಒಂದು ಬೊಂಬೆ, ಒಂದು ಮಾತು, ಒಂದು ಮಗು ವಿಜ್ಞಾನದಿಂದ ದೂರವಾಯಿತು. ಇಷ್ಟು ವರ್ಷವಾದರೂ ಆ ಹುಡುಗನ ಮುಖ ಮರೆತಿಲ್ಲ. ಅದೇ ಪ್ರಯೋಗವನ್ನು ಆಮೇಲೆ ಬರೀ ಒಂದು ಗುಂಡುಕಲ್ಲು ಇಟ್ಟು ಮಾಡಿದೆ, ಹಾಲಿನ ಬದಲು ನೀಲಿ ಕಲಸಿದ ನೀರು. ದೇವರ ಹೆಸರೇ ತೆಗೆಯಲಿಲ್ಲ. ನೋಡಿದವರು ತಮಗೆ ತಾವೇ ಜೋಡಿಸಿಕೊಂಡರು.

4. ಅಳೆಯಬಹುದಾದ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳಬೇಕು

ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ಅದರ ಹೆಸರಿನಲ್ಲಿ ಪವಾಡ, ಮೂಢನಂಬಿಕೆ ಎಂಬ ಪದಗಳ ಜೊತೆ ಪರಿಶೀಲಿಸಬಹುದಾದ ಎಂಬ ಅರ್ಥದ ಪದವೂ ಇತ್ತು. ಆ ಒಂದು ವಿಶೇಷಣದಲ್ಲಿ ಅವರ ಜಾಣ್ಮೆಯೆಲ್ಲ ಇದೆ ಎಂದು ನನ್ನ ಭಾವನೆ. ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆ ಬೆಳಗಾದರೂ ಮುಗಿಯದು. ನೆರಳು ಎಷ್ಟು ಉದ್ದವಿದೆ ಎಂಬ ಪ್ರಶ್ನೆಗೆ ಅಳತೆಪಟ್ಟಿ ಸಾಕು.

ನಮ್ಮಲ್ಲಿ ಉತ್ತರಾಯಣ ಸಂಕ್ರಾಂತಿಯ ದಿನ ಶುರುವಾಗುತ್ತದೆ ಎಂದೇ ಎಲ್ಲರ ನಂಬಿಕೆ. ಒಂದು ಮೀಟರ್ ಕೋಲು ನೆಟ್ಟು, ಡಿಸೆಂಬರ್ ಮೊದಲ ವಾರದಿಂದ ದಿನವೂ ನಡುಹಗಲಿನ ನೆರಳು ಗುರುತು ಹಾಕಿಸಿದೆ. ಡಿಸೆಂಬರ್ 21, 22ರ ಸುಮಾರಿಗೆ ನೆರಳು ಅತಿ ಉದ್ದ, ಸುಮಾರು 74 ಸೆಂಟಿಮೀಟರ್. ಅಲ್ಲಿಂದ ಮೋಟಾಗಲು ಶುರು. ಎಳ್ಳುಬೆಲ್ಲ ಹಂಚುವ ಹೊತ್ತಿಗೆ 68. ಸೂರ್ಯ ಉತ್ತರಕ್ಕೆ ತಿರುಗಿ ಮೂರು ವಾರ ಆಗಿಹೋಗಿತ್ತು.

"ಹಂಗಾದ್ರೆ ಪಂಚಾಂಗ ಸುಳ್ಳಾ?" ಎಂದು ಕೇಳಿದರು. ಸುಳ್ಳಲ್ಲ. ಸುಮಾರು 1,700 ವರ್ಷದ ಹಿಂದೆ ಎರಡೂ ಒಂದೇ ದಿನಕ್ಕೆ ಬರುತ್ತಿದ್ದವು. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತೂಗುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಅಂತರ ಬೆಳೆಯುತ್ತ ಬಂದಿದೆ. ಸಂಕ್ರಾಂತಿ ನಕ್ಷತ್ರಗಳ ಲೆಕ್ಕ ಹಿಡಿದಿದೆ, ನೆರಳು ಋತುಗಳ ಲೆಕ್ಕ ಹಿಡಿದಿದೆ. ಊರಿನ ಅರ್ಚಕರು ಈ ಮಾತು ಕೇಳಿ, ಅಯನಾಂಶ ಎಂದು ನಾವು ಕೂಡಿಸಿ ಕಳೆಯುವುದು ಇದನ್ನೇ ಅಲ್ಲವೇ ಎಂದರು. ಹೌದು, ಅದೇ. ಅವತ್ತು ಅವರು ಪಕ್ಕದಲ್ಲಿ ಕೂತು ನನಗೆ ಆ ಗಣಿತ ತೋರಿಸಿಕೊಟ್ಟರು. ನನಗೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಇದೇ ಕೋಲಿನಿಂದ ಇನ್ನೊಂದು ತಪ್ಪು ಕೂಡ ಬಿತ್ತು. ಮಧ್ಯಾಹ್ನ 12ಕ್ಕೆ ಸೂರ್ಯ ನೆತ್ತಿಯ ಮೇಲಿರುತ್ತಾನೆ ಎಂದು ನಾವು ಶಾಲೆಯಲ್ಲೇ ಹೇಳಿಕೊಡುತ್ತೇವೆ. ಹಾಸನದಲ್ಲಿ ಅವನು ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು; ಆ ಎರಡರ ನಡುವೆ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ದೆಹಲಿಯಲ್ಲಿ ಒಂದು ಸಲವೂ ಆಗುವುದಿಲ್ಲ. ಎಪ್ಪತ್ತು ವರ್ಷ ಇದೇ ಬಿಸಿಲಲ್ಲಿ ದುಡಿದ ರೈತರೊಬ್ಬರು ಜೂನ್ ತಿಂಗಳಲ್ಲಿ ತಮ್ಮ ನೆರಳು ತೆಂಕಣಕ್ಕೆ ಬಿದ್ದದ್ದನ್ನು ನೋಡಿ, ಹಿಂದೆ ಮುಂದೆ ತಿರುಗಿ ಮತ್ತೆ ಮತ್ತೆ ನೋಡಿದರು.

5. ಬಹುಮತ ಎಂದರೆ ಎಣಿಕೆ. ಅದನ್ನೂ ಎಣಿಸಿಯೇ ಕಲಿಸಬೇಕು

2018ರ ಮೇ ತಿಂಗಳು ಇದಕ್ಕೆ ಒಳ್ಳೆಯ ಪಾಠವಾಯಿತು. ವಿಧಾನಸಭೆಯ 222 ಕ್ಷೇತ್ರಗಳ ಫಲಿತಾಂಶ ಬಂತು: ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ಮತಗಳ ಪಾಲು ನೋಡಿದರೆ ಕಾಂಗ್ರೆಸ್ಸಿಗೆ ಶೇಕಡಾ 38, ಬಿಜೆಪಿಗೆ 36. ಕಡಿಮೆ ಮತ ಬಿದ್ದವರಿಗೆ ಹೆಚ್ಚು ಸೀಟು ಹೇಗೆ ಬಂತು, ಇದು ಮೋಸ ಎಂದು ಕೆಲವರು, ಹೆಚ್ಚು ಸೀಟು ಬಂದವರು ಸರ್ಕಾರ ಮಾಡಲಾಗದಿದ್ದರೆ ಅದು ಮೋಸ ಎಂದು ಇನ್ನು ಕೆಲವರು. ಎರಡು ಕಡೆಯ ಸಿಟ್ಟಿಗೂ ಒಂದೇ ಮೂಲ. ಅತಿ ಹೆಚ್ಚು ಎನ್ನುವುದೂ ಅರ್ಧಕ್ಕಿಂತ ಹೆಚ್ಚು ಎನ್ನುವುದೂ ನಮ್ಮ ಬಾಯಲ್ಲಿ ಬಹುಮತ ಎಂಬ ಒಂದೇ ಪದವಾಗಿದೆ.

ನಾನು ತರಗತಿಯಲ್ಲಿ ಹುಣಸೆಬೀಜ ಎಣಿಸುವ ಆಟ ಮಾಡಿಸುತ್ತಿದ್ದೆ. ಐದು ಗುಂಪು, ಪ್ರತಿ ಗುಂಪಿಗೆ ಬಣ್ಣ ಹಚ್ಚಿದ ಒಂಬತ್ತು ಬೀಜ. ಒಂದು ಬಣ್ಣ ಮೂರು ಗುಂಪಿನಲ್ಲಿ ಐದು–ನಾಲ್ಕರಂತೆ ಕೂದಲೆಳೆಯಲ್ಲಿ ಗೆಲ್ಲುತ್ತದೆ, ಉಳಿದೆರಡರಲ್ಲಿ ಒಂದು ಬೀಜವೂ ಇಲ್ಲ. ಒಟ್ಟು ಎಣಿಸಿದರೆ 45ರಲ್ಲಿ 15 ಬೀಜ, ಗೆದ್ದದ್ದು ಐದರಲ್ಲಿ ಮೂರು. ಮಕ್ಕಳು ಒಂದು ನಿಮಿಷ ಗಲಾಟೆ ಮಾಡುತ್ತಾರೆ, ಆಮೇಲೆ ತಾವೇ ಬೀಜಗಳನ್ನು ಬೇರೆ ಬೇರೆ ರೀತಿ ಹಂಚಿ ನೋಡುತ್ತಾರೆ. ಈ ಪದ್ಧತಿ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಆಮೇಲೆ ಬರಲಿ. ಮೊದಲು ಅದು ಹೇಗೆ ನಡೆಯುತ್ತದೆ ಎಂದು ಗೊತ್ತಿರಬೇಕು. ನೋಟಾ ವಿಷಯವೂ ಹೀಗೇ. 2013ರಿಂದ ಅದು ಯಂತ್ರದಲ್ಲಿದೆ. ನೋಟಾಗೇ ಎಲ್ಲರಿಗಿಂತ ಹೆಚ್ಚು ಬಿದ್ದರೆ ಮರುಚುನಾವಣೆ ಎಂದು ನಂಬಿ ಒತ್ತುವವರನ್ನು ಮತಗಟ್ಟೆಯ ಹೊರಗೆ ಕಂಡಿದ್ದೇನೆ. ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ಹಾಗಿಲ್ಲ. ಅಭ್ಯರ್ಥಿಗಳ ಪೈಕಿ ಯಾರಿಗೆ ಹೆಚ್ಚು ಬಿದ್ದಿದೆಯೋ ಅವರೇ ಗೆದ್ದಂತೆ.

ನಮ್ಮ ರಾಜ್ಯವೇ ದೇಶಕ್ಕೆ ಕಲಿಸಿದ ಒಂದು ಪಾಠ ಇಲ್ಲಿದೆ, ಅದನ್ನು ಮಕ್ಕಳಿಗೆ ಹೇಳುವಾಗ ನನ್ನ ದನಿ ಏರುತ್ತದೆ. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು ವಜಾ ಮಾಡಿದರು. ಕೆಲವು ಶಾಸಕರು ಬೆಂಬಲ ಹಿಂತೆಗೆದ ಪತ್ರಗಳನ್ನು ನಂಬಿ ರಾಜ್ಯಪಾಲರು ವರದಿ ಕೊಟ್ಟಿದ್ದರು. ಸದನದಲ್ಲಿ ಬಹುಮತ ತೋರಿಸಲು ಬೊಮ್ಮಾಯಿ ಕೇಳಿದ ಅವಕಾಶ ಸಿಗಲಿಲ್ಲ. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು: ಬಹುಮತವಿದೆಯೋ ಇಲ್ಲವೋ ಎಂದು ತೀರ್ಮಾನವಾಗಬೇಕಾದ ಜಾಗ ಸದನ, ಅದು ಯಾರೊಬ್ಬರ ಖಾಸಗಿ ಅಭಿಪ್ರಾಯಕ್ಕೆ ಬಿಟ್ಟ ವಿಷಯವಲ್ಲ. 2018ರಲ್ಲಿ ಕೋರ್ಟು ಸದನದ ಪರೀಕ್ಷೆಗೆ ದಿನ ಗೊತ್ತು ಮಾಡಿದ್ದು ಇದೇ ದಾರಿಯಲ್ಲಿ. ವಿಜ್ಞಾನದ ಮೇಷ್ಟ್ರಿಗೆ ಇದು ಬಹಳ ಪರಿಚಿತ ಮಾತು. ಎಷ್ಟೇ ದೊಡ್ಡವರು ಹೇಳಿದರೂ ಹೇಳಿಕೆ ಹೇಳಿಕೆಯೇ. ಎಲ್ಲರ ಕಣ್ಣೆದುರು ಎಣಿಸಿ ನೋಡೋಣ.

6. ಹಕ್ಕಿಗೆ ಭಾಗ್ಯ ಎಂದು ಹೆಸರಿಟ್ಟರೆ ಹಕ್ಕು ಮರೆತುಹೋಗುತ್ತದೆ

ಪಡಿತರದ ಅಂಗಡಿಯೊಂದರ ಮುಂದೆ ಕೂಲಿ ಮಾಡುವ ಹೆಂಗಸೊಬ್ಬರು ನಿಂತಿದ್ದರು. ಸವೆದ ಬೆರಳನ್ನು ಯಂತ್ರ ಗುರುತಿಸಲಿಲ್ಲ, ಅಕ್ಕಿ ಸಿಗಲಿಲ್ಲ. "ನನ್ನ ಹಣೇಲಿಲ್ಲ ಬಿಡಿ" ಎಂದು ಚೀಲ ಮಡಚಿಕೊಂಡು ಹೊರಟರು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯ ಸಲ್ಲಬೇಕು, ಕೊಡಲಾಗದಿದ್ದರೆ ಅದರ ಬದಲು ಭತ್ಯೆ ಕೊಡಬೇಕು. ಅದು ಕಾನೂನು. ಆದರೆ ನಮ್ಮಲ್ಲಿ ಅಕ್ಕಿಯ ಯೋಜನೆಗೆ ಅನ್ನಭಾಗ್ಯ ಎಂದು ಹೆಸರು, ಅದರ ಹಿಂದೆಯೂ ಮುಂದೆಯೂ ಇನ್ನಷ್ಟು ಭಾಗ್ಯಗಳು ಬಂದವು. ಯಾವ ಪಕ್ಷವೂ ಈ ಪದವನ್ನು ದೂರ ಇಟ್ಟಿಲ್ಲ. ಯೋಜನೆಗಳಿಂದ ಹೊಟ್ಟೆ ತುಂಬಿದ್ದು ಕಂಡಿದ್ದೇನೆ, ಅವುಗಳ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಹೆಸರಿನ ಬಗ್ಗೆ. ಭಾಗ್ಯ ಬಂದರೆ ಕೈ ಮುಗಿಯುತ್ತೇವೆ, ತಪ್ಪಿದರೆ ಹಣೆಬರಹ ಎನ್ನುತ್ತೇವೆ. ಹಕ್ಕು ತಪ್ಪಿದರೆ ಯಾಕೆ ಎಂದು ಕೇಳುತ್ತೇವೆ. ಆ ಹೆಂಗಸಿಗೆ ನಾನು ಅರ್ಜಿ ಬರೆದುಕೊಟ್ಟೆ. ಅದರಲ್ಲಿ ದಯವಿಟ್ಟು ಎಂಬ ಪದ ಇರಲಿಲ್ಲ. ಓದಿ ಹೇಳಿದಾಗ ಅವರಿಗೆ ಹೆದರಿಕೆಯಾಯಿತು, ಎರಡು ಸಲ ಸೇರಿಸಿ ಎಂದರು. ಸೇರಿಸಿದೆ.

7. ಯಾರನ್ನು ಕೇಳಬೇಕು ಎಂಬುದೇ ಅರ್ಧ ರಾಜಕೀಯ ಜ್ಞಾನ

ಚರಂಡಿಗೆ ಸಂಸದರನ್ನು, ರೈಲಿಗೆ ಪಂಚಾಯಿತಿ ಸದಸ್ಯರನ್ನು ಬೈಯುವುದು ನಮ್ಮೂರಿನ ಕಟ್ಟೆಯ ದಿನದ ಮಾತು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿ ಇವೆ. ಪೊಲೀಸ್, ಕೃಷಿ, ಸಾರ್ವಜನಿಕ ಆರೋಗ್ಯ ರಾಜ್ಯದ್ದು. ರೈಲು, ರಕ್ಷಣೆ ಕೇಂದ್ರದ್ದು. ಶಿಕ್ಷಣ 42ನೇ ತಿದ್ದುಪಡಿಯ ಮೇಲೆ ಇಬ್ಬರದೂ. ಇನ್ನು ಗ್ರಾಮಸಭೆ ಎಂದರೆ ಸದಸ್ಯರ ಮೀಟಿಂಗು ಎಂದು ತಿಳಿದವರೇ ಹೆಚ್ಚು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಊರಿನ ಪ್ರತಿಯೊಬ್ಬರೂ ಗ್ರಾಮಸಭೆಯೇ. ವರ್ಷಕ್ಕೆ ಕನಿಷ್ಠ ಎರಡು ಸಲ ಸೇರಬೇಕು. ಇದನ್ನು ತಿಳಿದ ಹತ್ತು ಹೆಂಗಸರು ಒಂದು ಸಲ ಒಟ್ಟಿಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತರು. ಸಭೆಯ ಪುಸ್ತಕಕ್ಕೆ ಸಹಿ ಹಾಕುವ ಮೊದಲು ಅದರಲ್ಲಿ ಏನು ಬರೆದಿದೆ ಓದಿ ಎಂದರು. ಅಷ್ಟೇ ಮಾಡಿದ್ದು. ಆ ವರ್ಷ ನೀರಿನ ಪೈಪು ಅವರ ಕೇರಿಗೂ ಬಂತು.

8. ತಿದ್ದುವಾಗ ತಪ್ಪಿನ ಬೇರು ಉಳಿದಿದೆಯೇ ಎಂದು ನೋಡಬೇಕು

ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣುವಿನಲ್ಲಿರುವ ಎಕ್ಸ್ ಅಥವಾ ವೈ ವರ್ಣತಂತುವಿನಿಂದ ನಿರ್ಧಾರವಾಗುತ್ತದೆ. ಈ ಪಾಠವನ್ನು ನಾನು ಪ್ರತಿವರ್ಷ ಆವೇಶದಿಂದ ಮಾಡುತ್ತಿದ್ದೆ. ಬರೀ ಹೆಣ್ಣು ಹೆತ್ತಳು ಎಂದು ಬೈಗುಳ ತಿನ್ನುವ ತಾಯಂದಿರನ್ನು ನೆನೆದು, "ಇದರಲ್ಲಿ ಅಮ್ಮನ ತಪ್ಪು ಏನೇನೂ ಇಲ್ಲ, ಅಪ್ಪನಿಂದಲೇ ಆಗುವುದು" ಎನ್ನುತ್ತಿದ್ದೆ. ಒಂದು ವರ್ಷ, ನಾಲ್ಕು ಹೆಣ್ಣುಮಕ್ಕಳ ಮನೆಯ ಕೊನೆಯ ಹುಡುಗಿ ತರಗತಿ ಮುಗಿದ ಮೇಲೆ ಬಂದು ಮೆಲ್ಲಗೆ ಕೇಳಿದಳು: "ಹಂಗಾದ್ರೆ ನಾನು ಹುಟ್ಟಿದ್ದು ಅಪ್ಪನ ತಪ್ಪಾ ಮೇಡಂ?"

ನಾನು ತಪ್ಪನ್ನು ಒಬ್ಬರ ತಲೆಯಿಂದ ತೆಗೆದು ಇನ್ನೊಬ್ಬರ ತಲೆಗೆ ಹೊರಿಸಿದ್ದೆ. ಹೆಣ್ಣು ಹುಟ್ಟುವುದು ತಪ್ಪು ಎಂಬ ಮಾತನ್ನು ಮುಟ್ಟಿರಲೇ ಇಲ್ಲ. ವರ್ಣತಂತುವಿನ ಚಿತ್ರ ಸರಿಯಾಗಿತ್ತು, ಪಾಠ ತಪ್ಪಾಗಿತ್ತು. ಅಂದಿನಿಂದ ಆ ಪಾಠದಲ್ಲಿ ತಪ್ಪು ಎಂಬ ಪದವನ್ನು ಬಿಟ್ಟು, ನಾಣ್ಯ ಚಿಮ್ಮಿಸಿ, ಇದು ಯಾರ ಇಷ್ಟದಂತೆಯೂ ನಡೆಯದ ಆಕಸ್ಮಿಕ ಎಂದು ತೋರಿಸುತ್ತ ಬಂದೆ. ಅವಳಿಗೆ ಅವತ್ತು ಏನು ಹೇಳಿದೆನೋ ಸರಿಯಾಗಿ ನೆನಪಿಲ್ಲ. ಸಾಲದಾಯಿತು ಎಂಬುದು ಮಾತ್ರ ನೆನಪಿದೆ.

2019ರ ಡಿಸೆಂಬರ್ 26ರ ಬೆಳಗ್ಗೆಯೂ ಇದೇ ಯೋಚನೆ ಬಂತು. ಮಂಗಳೂರಿನಲ್ಲಿ ಜನ ಕಂಕಣ ಗ್ರಹಣದ ಬೆಳಕಿನ ಉಂಗುರ ನೋಡುತ್ತಿದ್ದ ಹೊತ್ತಿಗೆ, ಕಲಬುರಗಿ ಹತ್ತಿರದ ಹಳ್ಳಿಯಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ಕೂರಿಸಿದ್ದರು. ಗುಣವಾಗುತ್ತದೆಂಬ ಆಸೆ. ಚಿತ್ರ ನೋಡಿದವರು ಆ ತಾಯಂದಿರನ್ನು ಬೈದರು. ಗ್ರಹಣ ಬರೀ ನೆರಳು ಎಂದು ಅವರಿಗೆ ಹೇಳುವುದು ಬೇಕೇ ಬೇಕು. ಆದರೆ ಮಗುವಿನ ಕೈಕಾಲಿಗೆ ವರ್ಷಗಟ್ಟಲೆ ವ್ಯಾಯಾಮ ಮಾಡಿಸಬಲ್ಲ ಥೆರಪಿಸ್ಟು ಹತ್ತಿರದ ಆಸ್ಪತ್ರೆಯಲ್ಲಿ ಇಲ್ಲದಿದ್ದರೆ, ಖಾಲಿಯಾದ ಆ ಜಾಗಕ್ಕೆ ಮಣ್ಣಿನ ಗುಂಡಿ ಬರುತ್ತದೆ. ಜಿಲ್ಲೆಯ ಆರೋಗ್ಯ ಯಾರ ಪಟ್ಟಿಯಲ್ಲಿದೆ ಎಂದು ಕೇಳುವುದೂ ಗ್ರಹಣದ ಪಾಠದ ಭಾಗವೇ.

9. ತಿದ್ದಿಕೊಳ್ಳುವುದನ್ನು ಜನ ಸೋಲು ಎಂದು ತಿಳಿಯುತ್ತಾರೆ

"ನಿಮ್ಮ ವಿಜ್ಞಾನ ದಿನಕ್ಕೊಂದು ಹೇಳುತ್ತೆ. ಒಂಬತ್ತು ಗ್ರಹ ಅಂತ ನಾವು ಓದಿದ್ದು, ಈಗ ಎಂಟು ಅಂತೀರಿ." ಪ್ಲೂಟೊ 2006ರಲ್ಲಿ ಪಟ್ಟಿಯಿಂದ ಹೊರಬಿದ್ದ ಮೇಲೆ ಈ ಮಾತನ್ನು ಬಹಳ ಸಲ ಕೇಳಿದ್ದೇನೆ. ಅದೇ ಜನ, "ನೂರು ಸಲ ತಿದ್ದಿದ ಸಂವಿಧಾನಕ್ಕೆ ಏನು ಬೆಲೆ" ಎಂದೂ ಕೇಳುತ್ತಾರೆ. ತಿದ್ದುಪಡಿಗಳು ನೂರು ದಾಟಿರುವುದು ನಿಜ.

ಇಲ್ಲಿ ನನಗೆ ಕೇಶವಾನಂದ ಭಾರತಿಯವರ ಪ್ರಕರಣ ನೆರವಾಗುತ್ತದೆ. ಅವರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳಾಗಿದ್ದರು, ಅದು ಕನ್ನಡದ ಮಠ. ಕೇರಳದ ಭೂಸುಧಾರಣೆಯ ವಿರುದ್ಧ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು ಕೂತು ಕೇಳಿದರು. 7–6ರಲ್ಲಿ ತೀರ್ಪು ಬಂತು: ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಅದರ ಮೂಲ ರಚನೆಯನ್ನು ಮಾತ್ರ ಕೆಡಿಸುವಂತಿಲ್ಲ. ಸ್ವಾಮಿಗಳು ಕೇಳಿದ್ದು ಸಿಗಲಿಲ್ಲ, ದೇಶಕ್ಕೆ ಒಂದು ತೊಲೆ ಸಿಕ್ಕಿತು. ಹೆಂಚು ಬದಲಾಯಿಸುತ್ತೇವೆ, ಗೋಡೆಗೆ ಸುಣ್ಣ ಬಳಿಯುತ್ತೇವೆ, ಕೋಣೆ ಕೂಡಿಸುತ್ತೇವೆ, ತೊಲೆ ಕಡಿಯುವುದಿಲ್ಲ. ವಿಜ್ಞಾನದಲ್ಲಿ ತೊಲೆಯ ಜಾಗದಲ್ಲಿ ಇರುವುದು ಯಾವ ಗ್ರಹದ ಎಣಿಕೆಯೂ ಅಲ್ಲ. ಬೇರೆಯವರೂ ಮಾಡಿ ನೋಡುವ ಹಾಗೆ ಹೇಳಬೇಕು, ಎಣಿಕೆ ತಪ್ಪಿದರೆ ಒಪ್ಪಿಕೊಳ್ಳಬೇಕು ಎಂಬ ಕಟ್ಟಳೆ. ಅದು ನೂರಾರು ವರ್ಷದಿಂದ ಬದಲಾಗಿಲ್ಲ.

ಕಳೆದ ಸಲದ ಏಪ್ರಿಲ್ 24ಕ್ಕೆ ಅಶ್ವಿನಿ ಮಳೆಯ ಮೋಡ ಬೆಳಗ್ಗೆಯಿಂದಲೇ ಕವಿದಿತ್ತು. ನಲವತ್ತು ಮಂದಿ ಸೇರಿದ್ದರು. 12 ಗಂಟೆ 23 ನಿಮಿಷವಾಯಿತು. ಕೋಲಿಗೆ ನೆರಳಿಲ್ಲ. ಅದರ ಪಕ್ಕದ ತಂತಿಕಂಬಕ್ಕೂ ಇಲ್ಲ, ಅರಳಿಮರಕ್ಕೂ ಇಲ್ಲ. ಯಾರೋ ಚಪ್ಪಾಳೆ ತಟ್ಟಿದರು. ಟಿಪ್ಪಣಿ ಬರೆಯಲು ಕೂತಿದ್ದ ಒಂಬತ್ತನೇ ತರಗತಿಯ ಹುಡುಗಿ "ನೆರಳು: ಇಲ್ಲ" ಎಂದು ಬರೆದವಳು, ತಲೆಯೆತ್ತಿ ಒಮ್ಮೆ ಆಕಾಶ ನೋಡಿ, ಅದನ್ನು ಹೊಡೆದುಹಾಕಿ, ಕೆಳಗೆ "ಮೋಡ. ನೋಡಲಾಗಲಿಲ್ಲ" ಎಂದು ಬರೆದಳು. ಆಗಸ್ಟ್ 18ಕ್ಕೆ ಮತ್ತೆ ಸೇರೋಣ ಎಂದು ಮಾತಾಯಿತು. ಆಗಸ್ಟಿನಲ್ಲಿ ನಮ್ಮ ಕಡೆ ಬಿಸಿಲು ಅಪರೂಪ. ಆದರೂ ಅವಳು ಆ ತಾರೀಖನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡಳು.